ಷರಾ ಕಾಲಂ

"ಹೋಲ್ಡಾನ್!"

ಸೀಟಿಯ ಬೆನ್ನಿಗೇ ಕೂಗೂ ಬಿತ್ತು. ಇಳಿಜಾರಿನಲ್ಲಿ ಬರುತ್ತಿದ್ದ ಟಿಪ್ಪರ್ ಲಾರಿ ಉಸ್ಸೆಂದು ಬ್ರೇಕಿನ ಗಾಳಿ ಬಿಟ್ಟು, ಕಂಡಕ್ಟರು ಚಾಚಿದ ಅಂಗೈಯಿಂದ ಎರಡು ಮಾರು ದೂರದಲ್ಲಿ ನಿಂತಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಾಲ್ಕನೆಯದು ತಿರುವಿನ ಆಚೆ ನಿಂತ ಸದ್ದು ಮಾತ್ರ ಕೇಳಿಸಿತು. ಕಂಡಕ್ಟರು ಕತ್ತು ತಿರುಗಿಸದೆ ಎಡಗೈ ಆಡಿಸಿದರು. ರಸ್ತೆಯಂಚಿನ ಸುಣ್ಣದ ಗೆರೆಯ ಹಿಂದೆ ಕಾದಿದ್ದ ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ಶಾಲೆಯ ಕಡೆಗೆ ದಾಟತೊಡಗಿದರು.

"ಎರಡು, ನಾಲ್ಕು, ಆರು..."

ಮೊದಲ ಲಾರಿಯ ಕಿಟಕಿಯಿಂದ ಗುಂಗುರು ಕೂದಲಿನ ತಲೆಯೊಂದು ಹೊರಗೆ ಬಂತು. ಈ ಡ್ರೈವರನಿಗೆ ಊರಲ್ಲಿ ಗುಂಗುರು ಎಂದೇ ಹೆಸರು. "ಕಂಡಕ್ಟ್ರೇ, ಪೇಟೆಗೆ ಒಂದು ಫುಲ್ಲು, ಒಂದು ಹಾಫು!"

"ಚಿಲ್ಲರೆ ಇದ್ರೆ ಹತ್ತು, ಇಲ್ದಿದ್ರೆ ಇಳಿ. ಹದಿನೆಂಟು, ಇಪ್ಪತ್ತು... ಟಾರ್ಪಾಲು ಎಲ್ಲೋ? ಹಿಂದೆ ಜಲ್ಲಿ ಉದುರ್ತಿದೆ."

"ಕಟ್ಟಿದ್ದೆ ಕಂಡಕ್ಟ್ರೇ, ಗಾಳಿಗೆ ಬಿಚ್ಕೊಳ್ತು."

"ಊರಿಗೆಲ್ಲ ಇಲ್ಲದ ಗಾಳಿ ನಿನ್ನ ಗಾಡಿಗೆ ಮಾತ್ರ ಬೀಸುತ್ತೆ ನೋಡು."

ನಲವತ್ತೆರಡು ಆಯಿತು. ಕೊನೆಗೆ ದಿನಾ ಒಂಟಿಯಾಗಿ ಉಳಿಯುವವಳು ಒಂದನೆಯ ತರಗತಿಯ ಪುಟಾಣಿ. ಕಂಡಕ್ಟರು ಅವಳನ್ನು ಕರೆಯುವುದು ಹಾಫ್ ಟಿಕೆಟ್ಟು ಎಂದು. ಜೊತೆಯಿಲ್ಲದ್ದರಿಂದ ಅವಳು ಅವರ ಅಂಗಿಯ ತುದಿ ಹಿಡಿದುಕೊಂಡೇ ದಾಟುವುದು. ಅವಳನ್ನು ಗೇಟಿನೊಳಗೆ ಬಿಟ್ಟು, ನಲವತ್ತಮೂರು ಎಂದುಕೊಂಡು, ಕಂಡಕ್ಟರು ಎರಡು ಸೀಟಿ ಊದಿದರು. "ರೈಟ್, ರೈಟ್!" ಲಾರಿಗಳು ಹೊಗೆ ಕಾರಿ ಹೊರಟವು. ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಮೂವತ್ನಾಲ್ಕು ವರ್ಷ ಬಸ್ಸಿನಲ್ಲಿ ನಡೆದ ಈ ಕಾಯಿದೆ ಈಗ ತಿರುವಿನಲ್ಲೂ ನಡೆಯುತ್ತಿತ್ತು. ಬಸ್ಸಿನಲ್ಲಿ ಮಂಡಿ ನೋಯುತ್ತಿರಲಿಲ್ಲ, ವ್ಯತ್ಯಾಸ ಅಷ್ಟೇ.

ರಸ್ತೆಯ ಈಚೆ ಹಿಟ್ಟಿನ ಗಿರಣಿಯ ಮುಂದೆ ಒಂದು ಬೆಂಚು. ಅವರು ತೊಡೆಯ ಮೇಲೆ ಕೈಯೂರಿ ಅದರ ಮೇಲೆ ಕುಳಿತು, ಚೀಲದಿಂದ ಪುಸ್ತಕ ತೆಗೆದರು. ಬಸ್ಸಿನ ಕಂಡಕ್ಟರು ಪ್ರತಿ ಟ್ರಿಪ್ಪಿಗೂ ತುಂಬುವ ವೇಬಿಲ್ಲಿನ ಹಾಗೆಯೇ ಪುಟಪುಟಕ್ಕೂ ಸ್ಕೇಲಿಟ್ಟು ಗೆರೆ ಎಳೆದಿದ್ದರು: ತಾರೀಖು, ಲಾರಿ, ದಾಟಿದ ಮಕ್ಕಳು, ಕೊನೆಗೆ ಷರಾ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಲಾರಿಗೊಂದು ಕಡ್ಡಿ, ಐದನೆಯದಕ್ಕೆ ಅಡ್ಡಗೆರೆ. ನಿವೃತ್ತಿಯ ದಿನ ಡಿಪೋದವರು ಕೊಟ್ಟ ಇಂಕ್ ಪೆನ್ನು ಇದಕ್ಕೇ ಮೀಸಲು.

ಗುಡ್ಡದ ಮೇಲೆ ಕಲ್ಲು ಕ್ವಾರಿ ಶುರುವಾದ ಹೊಸದರಲ್ಲಿ ದಿನಕ್ಕೆ ಹತ್ತು ಲಾರಿ ಓಡುತ್ತಿದ್ದವು. ಒಂದು ಬೆಳಿಗ್ಗೆ ಯಾವುದೋ ಮಗುವಿನ ಪುಸ್ತಕದ ಚೀಲ ಲಾರಿಯ ಕೊಕ್ಕೆಗೆ ಸಿಕ್ಕಿ ಹೊರಟುಹೋಯಿತು. ಮಗು ಉಳಿಯಿತು. ಊರವರು ಅದನ್ನು ಎಂಟು ದಿನ ಮಾತಾಡಿಕೊಂಡರು. ಕಂಡಕ್ಟರು ಮಾತಾಡಲಿಲ್ಲ, ಮನೆಗೆ ಹೋಗಿ ಟ್ರಂಕಿನ ತಳದಿಂದ ಸೀಟಿ ತೆಗೆದು, ಬಿಸಿನೀರಿನಲ್ಲಿ ತೊಳೆದು, ಮಾರನೆಯ ದಿನ ತಿರುವಿನಲ್ಲಿ ನಿಂತರು. ಅದಕ್ಕೆ ಏಳು ವರ್ಷವಾಯಿತು.

ಮನೆಯ ಮುಂಗೋಣೆ ಹೊಲಿಗೆಯ ಕೋಣೆ. ಸೊಸೆ ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದಳು. ಲಾರಿ ಬಂದಾಗಲೆಲ್ಲ ಮಿಷನ್ನು ನಡುಗಿ ಹೊಲಿಗೆ ಸೊಟ್ಟಗಾಗುವುದರಿಂದ, ಸದ್ದು ಕೇಳಿದರೆ ಸಾಕು ಅವಳ ಕಾಲು ತಾನೇ ನಿಲ್ಲುತ್ತಿತ್ತು. ಬಿಳಿ ಬಟ್ಟೆಯನ್ನು ಅವಳು ಕತ್ತರಿಸುತ್ತಿದ್ದುದು ಧೂಳು ಕೂರದಿರಲೆಂದು ಬಾಗಿಲು ಹಾಕಿಕೊಂಡು, ಸೆಕೆಯಲ್ಲಿ ಬೇಯುತ್ತ. ಗಂಡ ಕರೆಂಟಿನ ಲೈನ್‌ಮನ್. ವಾರದ ಅರ್ಧ ಕಂಬದ ಮೇಲೆ, ಇನ್ನರ್ಧ ನಿದ್ದೆಯಲ್ಲಿ. ಊರಿನ ತಕರಾರು ಅರ್ಜಿ ಬರೆಯುವ ಕೆಲಸ ಹೀಗಾಗಿ ಅವಳ ತಲೆಗೇ ಬಂದಿತ್ತು.

"ಮಾವ, ನಿಮ್ಮ ಬುಕ್ಕು ಒಂದ್ನಾಲ್ಕು ದಿನ ನನಗೆ ಕೊಡಿ," ಎಂದಳು ಆ ಸಂಜೆ.

"ಅದ್ಯಾಕಮ್ಮ? ನಾಳೆ ಕಡ್ಡಿ ಎಲ್ಲಿ ಹಾಕ್ಲಿ?"

"ಹಾಳೆ ಮೇಲೆ ಹಾಕಿ. ಮೊದಲನೇ ಸಭೇಲಿ ಗೋಡೆ ಬಿರುಕು ಅಂದ್ವಿ, ನಿಮ್ಮ ಮನೆಗಳೇ ಹಳೇವು ಅಂದ್ರು. ಎರಡನೇ ಸಭೇಲಿ ಧೂಳು ಅಂದ್ವಿ, ಮೊದಲೂ ಇತ್ತಲ್ಲ ಅಂದ್ರು. ಈ ಸಲ ಅಂಕಿನೇ ಮುಂದಿಡ್ತೀನಿ. ಅಂಕಿಗೆ ಏನಂತಾರೋ ನೋಡೋಣ."

ಕ್ವಾರಿಯವರು ಗುಡ್ಡದ ಇನ್ನೊಂದು ಮಗ್ಗುಲನ್ನೂ ಒಡೆಯಲು ಅನುಮತಿ ಕೇಳಿದ್ದರು. ಸಿಕ್ಕರೆ ಲಾರಿ ಎರಡರಷ್ಟು. ಅನುಮತಿ ಸಿಗುವುದಿಲ್ಲ ಎಂದು ಊರಲ್ಲಿ ಯಾರೂ ನಂಬಿರಲಿಲ್ಲ. ಅವರು ಕೇಳುತ್ತಿದ್ದುದು ಒಂದೇ: ಲಾರಿಗಳಿಗೆ ಗುಡ್ಡದ ಹಿಂದಿನಿಂದ ಬೇರೆ ರಸ್ತೆ ಮಾಡಿಕೊಳ್ಳಲಿ, ಊರೊಳಗೆ ಬೇಡ. ಊರಿನ ರಸ್ತೆ ಇಷ್ಟು ಲಾರಿಗೆ ಸುರಕ್ಷಿತವಲ್ಲ ಎಂದು ಅಧಿಕಾರಿ ವರದಿ ಕೊಟ್ಟರೆ ಕಂಪನಿ ಆ ರಸ್ತೆ ಮಾಡಿಯೇ ತೀರಬೇಕು. ಇಲ್ಲವಾದರೆ ಇಲ್ಲ. ಅರ್ಜಿಯಲ್ಲಿ ಕಂಪನಿ ಈಗ ದಿನಕ್ಕೆ ಅರವತ್ತು ಲಾರಿ ಎಂದು ಬರೆದುಕೊಂಡಿತ್ತು.

ಸೊಸೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ನೆಲದ ಮೇಲೆ ಕುಳಿತು ಮೂರು ದಿನ ಕಡ್ಡಿ ಎಣಿಸಿದಳು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಐದೈದರ ಕಟ್ಟುಗಳನ್ನು ಕೂಡಿಕೊಟ್ಟಳು. ಈ ವರ್ಷದ ಸರಾಸರಿ ದಿನಕ್ಕೆ ನೂರ ನಲವತ್ತು. ಸೊಸೆ ಎರಡು ಸಲ ಗುಣಿಸಿ ನೋಡಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು.

"ಅರವತ್ತಂತೆ ಅರವತ್ತು! ಮಾವ, ನೀವು ಬೆಂಚಿನ ಮೇಲೆ ಕೂತು ಸುಮ್ನೆ ಗೀಚ್ತೀರಿ ಅಂದ್ಕೊಂಡಿದ್ದೆ ನಾನು."

ಕಂಡಕ್ಟರಿಗೆ ಒಳಗೊಳಗೇ ಹಿಗ್ಗಾಯಿತು. ಅದನ್ನು ತೋರಿಸಿಕೊಳ್ಳಬಾರದೆಂದು ಮಂಡಿಗೆ ಎಣ್ಣೆ ತಿಕ್ಕುತ್ತ ಕುಳಿತರು.

ಸಭೆ ನಡೆದದ್ದು ರಜೆಯ ದಿನ, ಶಾಲೆಯ ದೊಡ್ಡ ಕೋಣೆಯಲ್ಲಿ. ಮಕ್ಕಳ ಬೆಂಚಿನಲ್ಲಿ ಕುಳಿತ ದೊಡ್ಡವರ ಮಂಡಿಗಳು ಎದೆಯ ಮಟ್ಟಕ್ಕೆ ಬಂದಿದ್ದವು. ಈ ಸಲದ ಅಧಿಕಾರಿ ಹೊಸಬರು. ಹಿಂದಿನ ಎರಡು ಸಭೆಗೂ ಬೇರೆ ಬೇರೆಯವರು ಬಂದಿದ್ದರು. ಪ್ರತಿ ಸಲವೂ ಗುಡ್ಡ ಎಲ್ಲಿದೆ, ಊರು ಎಲ್ಲಿದೆ ಎಂಬಲ್ಲಿಂದಲೇ ಕಥೆ ಶುರುಮಾಡಬೇಕಿತ್ತು. ಜನ ತಮ್ಮ ಮಾತನ್ನು ಬಾಯಿಪಾಠದ ಹಾಗೆ ಒಪ್ಪಿಸಿ ಕುಳಿತುಕೊಳ್ಳುತ್ತಿದ್ದರು. ಬಿರುಕು. ಧೂಳು. ಕೆಮ್ಮು. ಒಣಹಾಕಿದ ಬಟ್ಟೆ. ಒಬ್ಬ ಮುದುಕಿಯಂತೂ ಎದ್ದು ನಿಂತು, "ಹೋದ ಸಲ ಹೇಳಿದ್ದನ್ನೇ ಬರ್ಕೊಳ್ಳಪ್ಪ," ಎಂದು ಕುಳಿತುಬಿಟ್ಟಳು.

ಸೊಸೆ ಹೋಗಿ ಏಳು ವರ್ಷದ ಹದಿನಾಲ್ಕು ಪುಸ್ತಕಗಳನ್ನು ಅಧಿಕಾರಿಯ ಮೇಜಿನ ಮೇಲೆ ಪೇರಿಸಿಟ್ಟಳು. "ನಮ್ಮ ಮಾವ ಬರೆದಿರೋದು ಸಾರ್. ಒಂದು ದಿನಾನೂ ಬಿಟ್ಟಿಲ್ಲ. ಅರವತ್ತಲ್ಲ, ನೂರ ನಲವತ್ತು."

ಕೋಣೆಯಲ್ಲಿ ಗುಜುಗುಜು ಎದ್ದಿತು. ಗಿರಣಿಯವನು ಹಿಂದಿನಿಂದ ಕಂಡಕ್ಟರ ಬೆನ್ನು ತಟ್ಟಿದ. ಅಧಿಕಾರಿ ಪುಟ ತಿರುವಿ ನೋಡಿ, ಕಂಪನಿಯ ಮ್ಯಾನೇಜರನ ಕಡೆಗೆ ಒಂದು ಪುಸ್ತಕವನ್ನು ಸರಿಸಿದರು. ಮ್ಯಾನೇಜರ್ ಮೆತ್ತಗಿನ ಮನುಷ್ಯ. ಯಾರು ಬೈದರೂ ಹೌದು ಹೌದು ಎನ್ನುತ್ತಿದ್ದ. ಪುಸ್ತಕವನ್ನು ನಿಧಾನವಾಗಿ ಓದಿ, ಇನ್ನೆರಡನ್ನು ತರಿಸಿಕೊಂಡು ಓದಿ, ಎದ್ದು ನಿಂತ.

"ಸಾರ್, ಯಜಮಾನ್ರ ಪುಸ್ತಕನ ನಾವು ಒಪ್ಕೋತೀವಿ. ನಮ್ಮ ಅಂಕಿಯೇ ಹಳೇದಿರಬಹುದು. ಆದ್ರೆ ಒಪ್ಪಿದ ಮೇಲೆ ಪೂರ್ತಿ ಒಪ್ಪಬೇಕಲ್ವಾ? ಕೊನೇ ಕಾಲಂ ಓದ್ತೀನಿ, ಅಪ್ಪಣೆ ಕೊಡಿ." ಕನ್ನಡಕ ಏರಿಸಿಕೊಂಡ. "ಸೋಮವಾರ, ಲಾರಿ ನೂರ ಮೂವತ್ತೆಂಟು, ಮಕ್ಕಳು ನಲವತ್ತಮೂರು, ಷರಾ: ಎಲ್ಲ ಸುರಕ್ಷಿತ. ಮಂಗಳವಾರ, ನೂರ ನಲವತ್ತೈದು. ಎಲ್ಲ ಸುರಕ್ಷಿತ. ಬುಧವಾರ, ಎಲ್ಲ ಸುರಕ್ಷಿತ. ಯಾವ ಪುಟ ತೆಗೀಲಿ ಹೇಳಿ. ಇದು ನಮ್ಮ ಕಂಪನಿ ಬರ್ಕೊಂಡಿದ್ದಲ್ಲ ಸಾರ್, ಊರಿನವರೇ ಬರೆದಿದ್ದು. ನೂರ ನಲವತ್ತು ಗಾಡಿ ಓಡಿದ್ರೂ ಏಳು ವರ್ಷದಲ್ಲಿ ಒಂದು ಮಗುಗೆ ಗೀರೂ ಆಗಿಲ್ಲ."

ಸೊಸೆ ಪುಸ್ತಕಗಳ ರಾಶಿಯನ್ನು ಮೊದಲ ಸಲ ಕಾಣುತ್ತಿರುವವಳ ಹಾಗೆ ನೋಡಿದಳು.

ಅಧಿಕಾರಿ ಕೇಳಿದರು, "ಯಜಮಾನ್ರೇ, ಇದು ನಿಮ್ಮ ಅಕ್ಷರಾನಾ?"

ಕಂಡಕ್ಟರು ಬೆಂಚಿನಿಂದ ಬಿಡಿಸಿಕೊಂಡು ಎದ್ದರು. "ಹೌದು ಸಾರ್."

"ಯಾಕೆ ದಿನಾ ಹೀಗೆ ಬರೆದಿರಿ?"

"ಷರಾ ಕಾಲಂ ಖಾಲಿ ಬಿಡಬಾರದು ಸಾರ್. ಚೆಕಿಂಗ್‌ನವರು ಹತ್ತಿದ್ರೆ ಮೆಮೊ ಕೊಡ್ತಾರೆ."

ಜನ ಗೊಳ್ಳೆಂದು ನಕ್ಕರು. ಅಧಿಕಾರಿಯೂ ನಕ್ಕರು, ಮ್ಯಾನೇಜರನೂ ನಕ್ಕ. ಕಂಡಕ್ಟರಿಗೆ ಯಾಕೆ ನಕ್ಕರೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಸುರಕ್ಷಿತವಾಗಿದ್ದದ್ದು ಮಕ್ಕಳು, ರಸ್ತೆ ಅಲ್ಲ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ನಗು ಮುಗಿದು, ಮಾತು ಮುಂದಕ್ಕೆ ಹೋಗಿತ್ತು, ಅವರು ಮಾತ್ರ ನಿಂತೇ ಇದ್ದರು.

"ನಾನೇ ಕಣ್ಣಾರೆ ನೋಡ್ತೀನಿ," ಎಂದರು ಅಧಿಕಾರಿ ಕೊನೆಗೆ. "ಗುರುವಾರ ಬೆಳಿಗ್ಗೆ, ಮಕ್ಕಳು ದಾಟೋ ಹೊತ್ತಿಗೆ ಬರ್ತೀನಿ. ನೋಡಿ ವರದಿ ಬರೀತೀನಿ."

ಮಾರನೆಯ ದಿನ ಕಂಪನಿಯಿಂದ ಕಂಡಕ್ಟರಿಗೆ ಒಂದು ಕವರು ಬಂತು. ಒಳಗೆ ಬೆಳಕು ಬಿದ್ದರೆ ಮಿಂಚುವ ಪಟ್ಟಿಗಳ ಕಿತ್ತಳೆ ಜಾಕೆಟ್ಟು, ಮ್ಯಾನೇಜರನ ಮರ್ಯಾದೆ. ಸೊಸೆ ಅದನ್ನು ಹಿಂದೆ ಮುಂದೆ ತಿರುಗಿಸಿ, ಹೊಲಿಗೆ ನೋಡಿ, "ಕಳಪೆ," ಎಂದು ಮಿಷನ್ನಿನ ಮೇಲೆ ಧೂಳು ಕೂರದ ಹಾಗೆ ಹೊದಿಸಿದಳು.

ಆ ಸಂಜೆ ಗಿರಣಿಯಲ್ಲಿ ಆರೇಳು ಜನ ಸೇರಿದರು. ಗಿರಣಿಯವನು ಯಂತ್ರದ ಪಟ್ಟಾ ನಿಲ್ಲಿಸಿ, ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡ. ಬಹಳ ಹೊತ್ತು ಬೇರೆ ಮಾತಾಡಿ ಆಮೇಲೆ ವಿಷಯಕ್ಕೆ ಬಂದ.

"ಕಂಡಕ್ಟ್ರೇ, ಗುರುವಾರ ಒಂದು ದಿನ ನೀವು ರಜಾ ಹಾಕ್ಬೇಕಲ್ಲ."

"ನಾನು ರಜಾ ಹಾಕಿದ್ರೆ ಮಕ್ಕಳು?"

"ಅದೇ, ಅದನ್ನೇ ಅವರು ನೋಡ್ಲಿ ಅಂತ."

"ಏನನ್ನ ನೋಡ್ಲಿ ಅಂತ?"

ಎಲ್ಲರೂ ನೆಲ ನೋಡಿದರು. ಅಧಿಕಾರಿಗೆ ಏನು ಕಂಡರೆ ಬೇರೆ ರಸ್ತೆ ಆದೀತು ಎಂಬುದು ಅಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಯಾರೂ ಇರಲಿಲ್ಲ. ಒಬ್ಬೊಬ್ಬರ ಮನೆಯಿಂದಲೂ ಒಂದೊಂದು ಮಗು ಆ ಗೆರೆಯ ಹಿಂದೆ ನಿಲ್ಲುತ್ತಿತ್ತು.

"ಮಕ್ಕಳನ್ನ ಅವತ್ತು ಕಳಿಸೋದೇ ಬೇಡ," ಎಂದ ಒಬ್ಬ.

"ಆಗ ಅವರು ಬರ್ಕೋತಾರೆ, ಇಲ್ಲಿ ದಾಟೋ ಮಕ್ಕಳೇ ಇಲ್ಲ ಅಂತ."

"ನಾವೇ ಕೈ ಹಿಡ್ಕೊಂಡು ದಾಟಿಸಿದ್ರೆ?"

"ಪೋಷಕರು ಜವಾಬ್ದಾರಿಯಿಂದ ದಾಟಿಸ್ತಾರೆ, ತೊಂದರೆ ಇಲ್ಲ ಅಂತ ಬರ್ಕೋತಾರೆ."

"ಏನು ಮಾಡಿದ್ರೂ ಬರ್ಕೊಳ್ಳೋಕೆ ಒಂದು ಇದ್ದೇ ಇರುತ್ತೆ ಅವರಿಗೆ." ಗಿರಣಿಯವನು ಖಾಲಿ ಚೀಲವೊಂದನ್ನು ಕೊಡವಿ ಮಡಚಿದ. "ಬೇಜಾರು ಮಾಡ್ಕೋಬೇಡಿ ಕಂಡಕ್ಟ್ರೇ. ನೀವು ಇಷ್ಟು ಚೆನ್ನಾಗಿ ಮಾಡ್ಬಾರ್ದಾಗಿತ್ತು."

ಕಂಡಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳಲೂ ಒಂದಿಷ್ಟು ತ್ರಾಣ ಬೇಕು. ಮನೆಗೆ ಬಂದು ಊಟಕ್ಕೆ ಕುಳಿತಾಗ ಸೊಸೆ ಬಡಿಸುತ್ತ ಹೇಳಿದಳು:

"ಏಳು ವರ್ಷದಿಂದ ಆ ಬುಕ್ಕು ನೋಡ್ತಿದ್ದೀನಿ ಮಾವ. ಮೂರು ದಿನ ಕೂತು ಕಡ್ಡಿನೂ ಎಣಿಸಿದೆ. ಆ ಕಾಲಂ ಕಣ್ಣಿಗೇ ಬೀಳಲಿಲ್ಲ ನೋಡಿ. ತಪ್ಪು ನಂದು."

"ಬರೆದವನು ನಾನಮ್ಮ. ನಿಂದೇನು ತಪ್ಪು?" ಅನ್ನ ಕಲಸುತ್ತ ಕೇಳಿದರು, "ನೀನೂ ಹೇಳ್ತೀಯಾ, ಗುರುವಾರ ನಿಲ್ಲಬೇಡಿ ಅಂತ?"

ಒಳಗೆ ಮೊಮ್ಮಗಳು ಪದ್ಯ ಗಟ್ಟಿ ಮಾಡುತ್ತಿದ್ದುದು ಕೇಳುತ್ತಿತ್ತು. ಒಂದು ಸಾಲು ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

"ಲಾರಿ ಎರಡರಷ್ಟಾದ್ರೆ ನಿಮ್ಮ ಕೈಲಿ ತಡೆಯೋಕೆ ಆಗುತ್ತಾ ಮಾವ?"

"ಆಗಲ್ಲ."

"ಹಾಗಾದ್ರೆ ಒಂದು ದಿನ ಬೆಂಚಿನ ಮೇಲೆ ಕೂತ್ಕೊಳ್ಳಿ. ಮನೇಲಿ ಇರೋದು ಬೇಡ. ಸೀಟಿ ಜೇಬಲ್ಲೇ ಇರ್ಲಿ. ಮಕ್ಕಳ ಹಿಂದೆ ನಾವೆಲ್ಲ ನಿಂತಿರ್ತೀವಿ. ಸೀಟಿ ಊದದೇ ಅವು ಗೆರೆ ದಾಟಲ್ಲ, ಅದನ್ನ ನೀವೇ ಕಲಿಸಿದ್ದೀರಿ. ಎಷ್ಟು ಹೊತ್ತು ಕಾಯ್ಬೇಕಾಗುತ್ತೆ ಅನ್ನೋದನ್ನ ಅವರು ನೋಡ್ಲಿ. ಅಷ್ಟೇ."

ಲೆಕ್ಕ ಸರಿಯಾಗಿತ್ತು. ಅವಳು ಅಳತೆ ತಪ್ಪುವವಳಲ್ಲ. ಕಂಡಕ್ಟರು ತಲೆಯಾಡಿಸಿದರು.

ಗುರುವಾರ ಎಂಟೂಕಾಲಿಗೇ ಅಧಿಕಾರಿಯ ಜೀಪು ಬಂತು. ಶಾಲೆಯ ಗೇಟಿನ ಪಕ್ಕ ಅದನ್ನು ನಿಲ್ಲಿಸಿ, ಅವರು ಗಿರಣಿಯ ಕಡೆಗೆ ದಾಟಿ ಬಂದರು. ಆಗಿನ್ನೂ ಲಾರಿಗಳ ಸಾಲು ಶುರುವಾಗಿರಲಿಲ್ಲ. ಬೆಂಚಿನ ಮೇಲೆ ಕುಳಿತ ಕಂಡಕ್ಟರನ್ನು ಕಂಡು ಹುಬ್ಬೇರಿಸಿದರು.

"ಇವತ್ತು ನಿಲ್ಲಲ್ವಾ ಯಜಮಾನ್ರೇ?"

"ಮಂಡಿ ನೋವು ಸಾರ್ ಅವರಿಗೆ," ಎಂದ ಗಿರಣಿಯವನು, ಉತ್ತರವನ್ನು ಮೊದಲೇ ಬಾಯಲ್ಲಿಟ್ಟುಕೊಂಡವನ ಹಾಗೆ. ಸುಳ್ಳಲ್ಲವಾದ್ದರಿಂದ ಕಂಡಕ್ಟರು ಸುಮ್ಮನಿದ್ದರು.

ಎಂಟೂವರೆಗೆ ಮಕ್ಕಳು ಬಂದವು. ಬಂದ ಹಾಗೇ ಸುಣ್ಣದ ಗೆರೆಯ ಹಿಂದೆ ಇಬ್ಬಿಬ್ಬರಾಗಿ ನಿಂತು ಕೈ ಹಿಡಿದುಕೊಂಡವು. ಲಾರಿಗಳು ಇಳಿಯತೊಡಗಿದವು. ಒಂದರ ಬಾಲ ಹಿಡಿದು ಇನ್ನೊಂದು. ಅವುಗಳ ನಡುವೆ ನಾಯಿಯೂ ನುಗ್ಗುವ ಹಾಗಿರಲಿಲ್ಲ. ಖಾಲಿ ಲಾರಿಗಳು ಎದುರಿನಿಂದ ಏರಿ ಬರುತ್ತಿದ್ದವು. ಧೂಳು ಮಕ್ಕಳ ತಲೆಯ ಮೇಲೆ, ಅಧಿಕಾರಿಯ ಹೊಳೆಯುವ ಬೂಟಿನ ಮೇಲೆ, ಭೇದವಿಲ್ಲದೆ ಕುಳಿತಿತು. ಅಧಿಕಾರಿ ನೋಟ್‌ಬುಕ್ಕಿನಲ್ಲಿ ಕಡ್ಡಿ ಹಾಕತೊಡಗಿದರು. ಐದನೆಯದಕ್ಕೆ ಅಡ್ಡಗೆರೆ ಎಳೆಯುವುದನ್ನು ಕಂಡು ಕಂಡಕ್ಟರಿಗೆ ಅವರ ಮೇಲೆ ಸ್ವಲ್ಪ ವಿಶ್ವಾಸ ಹುಟ್ಟಿತು.

ಎಂಟೂ ನಲವತ್ತು. ಎಂಟೂ ಐವತ್ತು. ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದವು. ಸಾಲಿನಲ್ಲಿದ್ದ ಮೊಮ್ಮಗಳು ಲಾರಿಗಳನ್ನು ನೋಡುತ್ತಿರಲಿಲ್ಲ, ತಾತನನ್ನೇ ನೋಡುತ್ತಿದ್ದಳು. ಯಾಕೆ ಊದುತ್ತಿಲ್ಲ ಎಂದು ಆ ಮುಖ ಕೇಳುತ್ತಿತ್ತು. ಮೊದಲು ಆಶ್ಚರ್ಯದಿಂದ, ಆಮೇಲೆ ಸಿಟ್ಟಿನಿಂದ. ಕಂಡಕ್ಟರು ಜೇಬಿನಲ್ಲಿ ಸೀಟಿಯನ್ನು ಹಿಡಿದುಕೊಂಡು ಬೇರೆ ಕಡೆ ನೋಡಿದರು. ಒಂಬತ್ತಕ್ಕೆ ಆಚೆ ಶಾಲೆಯ ಗಂಟೆ ಹೊಡೆಯಿತು. ಸಾಲಿನಲ್ಲಿ ಯಾರೋ ಅಳತೊಡಗಿದರು.

"ಮಕ್ಕಳು ಯಾಕೆ ದಾಟ್ತಿಲ್ಲ?" ಅಧಿಕಾರಿ ಕೇಳಿದರು.

"ಸಂದು ತೋರಿಸಿ ಸಾರ್, ದಾಟಿಸ್ತೀವಿ," ಎಂದಳು ಸೊಸೆ.

ಅಧಿಕಾರಿ ರಸ್ತೆಯ ಎರಡೂ ಕಡೆ ನೋಡಿ, ಗಡಿಯಾರ ನೋಡಿ, ಏನೋ ಬರೆದುಕೊಂಡರು. ಗಿರಣಿಯವನ ಮುಖದಲ್ಲಿ ನಗು ಮೂಡತೊಡಗಿತು. ತಡೆಯಲಾರದೆ ಅವನು ಒಳಗೆ ಹೋಗಿ ಬಂದ.

ಆಗ ಗುಂಗುರುವಿನ ಲಾರಿ ಬಂತು. ದಿನಾ ನಿಲ್ಲುವ ಜಾಗಕ್ಕೆ ಬಂದಾಗ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿರಬೇಕು. ಲಾರಿ ನಿಂತಿತು. ಗುಂಗುರು ಕತ್ತು ಚಾಚಿ, ಕಂಡಕ್ಟರಿಲ್ಲದ ರಸ್ತೆ ನೋಡಿ, ಬೆಂಚು ನೋಡಿದ.

"ಏನ್ ಕಂಡಕ್ಟ್ರೇ, ಹುಷಾರಿಲ್ವಾ? ನಮ್ಗೆಲ್ಲ ಹೇಳ್ದೆ ರಜಾ ಹಾಕ್ಬಿಟ್ರಾ?" ಆಮೇಲೆ ಮಕ್ಕಳತ್ತ ಕೈಬೀಸಿದ. "ಬನ್ರೋ, ಬನ್ರೋ, ದಾಟಿ. ನಾನು ನಿಲ್ಸಿದ್ದೀನಿ."

"ನೋಡಿ, ಡ್ರೈವರ್‌ಗಳೇ ನಿಲ್ಲಿಸ್ತಾರಲ್ಲ," ಎಂದರು ಅಧಿಕಾರಿ. ಅವರ ದನಿಯಲ್ಲಿ ಸಮಾಧಾನವಿತ್ತು. ಪೆನ್ನು ಹಾಳೆಯ ಮೇಲಿಟ್ಟು, ತಾವೂ ದಾಟಿ ಜೀಪು ಸೇರುವವರ ಹಾಗೆ ಒಂದು ಹೆಜ್ಜೆ ಮುಂದಿಟ್ಟರು.

ಕಂಡಕ್ಟರು ಗುಂಗುರುವಿನ ಲಾರಿಯನ್ನು ನೋಡುತ್ತಿರಲಿಲ್ಲ. ನಿಂತ ಗಾಡಿಯನ್ನು ನೋಡಿ ಏನೂ ಪ್ರಯೋಜನವಿಲ್ಲವೆಂದು ಮೂವತ್ನಾಲ್ಕು ವರ್ಷ ಬಸ್ಸಿನ ಮೆಟ್ಟಿಲ ಮೇಲೆ ನಿಂತವರಿಗೆ ಗೊತ್ತಿರುತ್ತದೆ. ನೋಡಬೇಕಾದದ್ದು ಅದರ ಹಿಂದಿನದನ್ನು. ತಿರುವಿನ ಆಚೆಯಿಂದ ಬಂದ ಇನ್ನೊಂದು ಲಾರಿ, ಯಾರೋ ಹೊಸ ಡ್ರೈವರು, ಎದುರಿನ ಗಾಡಿ ಕೆಟ್ಟು ನಿಂತಿದೆ ಎಂದುಕೊಂಡು ಬಲಕ್ಕೆ ಎಳೆದು ವೇಗ ಏರಿಸಿದ. ಅದೇ ಹೊತ್ತಿಗೆ ಹಾಫ್ ಟಿಕೆಟ್ಟು, ಹಿಡಿದುಕೊಳ್ಳಲು ಅಂಗಿಯ ತುದಿಯಿಲ್ಲದೆ ಅತ್ತಿತ್ತ ನೋಡಿ, ಗುಂಗುರುವಿನ ಕೈಯನ್ನು ನಂಬಿ, ಗೆರೆ ದಾಟಿ ರಸ್ತೆಗೆ ಇಳಿದಳು. ಹಿಂದೆ ನಿಂತಿದ್ದ ಸೊಸೆಯ ಕೈ ಅವಳ ಚೀಲಕ್ಕೆ ನಿಲುಕಲಿಲ್ಲ.

ಸೀಟಿ ಬಾಯಿಗೆ ಯಾವಾಗ ಹೋಯಿತೋ ಕಂಡಕ್ಟರಿಗೆ ತಿಳಿಯದು.

ಒಂದೇ ಸೀಟಿ. "ಹೋಲ್ಡಾನ್!"

ಎಲ್ಲವೂ ನಿಂತಿತು. ಬಲಕ್ಕೆ ನುಗ್ಗಿದ ಲಾರಿ ಟೈರು ಕಿರುಚುತ್ತ ಗುಂಗುರುವಿನ ಲಾರಿಯ ಮೂಗಿಗೆ ಮೂಗು ಸಮ ಬಂದು ನಿಂತು, ಹಿಂದಿನಿಂದ ಒಂದು ಬುಟ್ಟಿ ಜಲ್ಲಿಯನ್ನು ರಸ್ತೆಗೆ ಸುರಿಯಿತು. ಹಾಫ್ ಟಿಕೆಟ್ಟು ಒಂದು ಕಾಲೆತ್ತಿದ್ದವಳು ಎತ್ತಿದಂತೆಯೇ ನಿಂತಳು. ಪೆನ್ನು ಹಿಡಿದು ಮುಂದೆ ಹೊರಟಿದ್ದ ಅಧಿಕಾರಿಯೂ ನಿಂತರು. ಎದುರಿನಿಂದ ಏರುತ್ತಿದ್ದ ಖಾಲಿ ಲಾರಿ ಕೂಡ ನಿಂತಿತು. ಗಿರಣಿಯೊಳಗೆ ಪಟ್ಟಾ ಟಪಟಪ ಹೊಡೆದುಕೊಳ್ಳುವ ಸದ್ದು ಕೇಳಿಸಿತು.

ಕಂಡಕ್ಟರು ಬೆಂಚು ಹಿಡಿದು ಎದ್ದರು. ಮಂಡಿ ಲಟಕ್ಕೆಂದಿತು. ನಡೆದುಕೊಂಡು ರಸ್ತೆಯ ಮಧ್ಯಕ್ಕೆ ಹೋಗಿ, ಒಂದು ಅಂಗೈಯನ್ನು ಇಳಿಜಾರಿಗೆ, ಇನ್ನೊಂದನ್ನು ಏರಿಗೆ ಚಾಚಿದರು. ಎಡಗೈ ಆಡಿಸಲು ಆಗದ್ದರಿಂದ ಗದ್ದ ಆಡಿಸಿದರು. ಮಕ್ಕಳಿಗೆ ಅಷ್ಟೇ ಸಾಕಿತ್ತು.

"ಎರಡು, ನಾಲ್ಕು, ಆರು..." ಮೊಮ್ಮಗಳು ಪಕ್ಕದಲ್ಲಿ ಹಾದುಹೋಗುವಾಗ ಅವರ ಮುಖ ನೋಡಲಿಲ್ಲ. ನಲವತ್ತೆರಡರ ನಂತರ ಹಾಫ್ ಟಿಕೆಟ್ಟು ಅಂಗಿಗೆ ಕೈಚಾಚುವ ಮೊದಲೇ, ಅವಳ ಪಕ್ಕದಲ್ಲೇ ಇದ್ದ ಅಧಿಕಾರಿ ಅವಳ ಕೈ ಹಿಡಿದುಕೊಂಡರು. ಅಥವಾ ಅವಳೇ ಅವರ ಕೈ ಹಿಡಿದಳೋ, ಧೂಳಿನಲ್ಲಿ ಸರಿಯಾಗಿ ಕಾಣಲಿಲ್ಲ. ಇಬ್ಬರೂ ಜೊತೆಯಾಗಿ ದಾಟಿದರು. ನಲವತ್ನಾಲ್ಕು, ಎಂದು ಎಣಿಸಿದರು ಕಂಡಕ್ಟರು.

ಗೇಟಿನ ಹತ್ತಿರ ಅಧಿಕಾರಿ ಕರವಸ್ತ್ರದಿಂದ ಹಣೆ ಒರೆಸಿಕೊಂಡು ನಿಂತಿದ್ದರು. ಲಾರಿಗಳು ಇನ್ನೂ ಕಾಯುತ್ತಿದ್ದವು. ಎರಡನೆಯ ಸೀಟಿ ಬಿದ್ದಿರಲಿಲ್ಲ.

"ನಿಮಗೆ ವಯಸ್ಸೆಷ್ಟು ಯಜಮಾನ್ರೇ?"

"ಎಪ್ಪತ್ತೊಂದು ಸಾರ್."

"ನೀವು ಇಲ್ಲದ ದಿನ ಇಲ್ಲಿ ಯಾರು ನಿಲ್ತಾರೆ?"

ಕಂಡಕ್ಟರು ಯೋಚಿಸಿದರು. ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. "ಇಲ್ಲದ ದಿನ ಬಂದಿಲ್ಲ ಸಾರ್."

ಅಧಿಕಾರಿ ಅವರ ಮಂಡಿಯನ್ನು ನೋಡಿದರು, ತಿರುವನ್ನು ನೋಡಿದರು. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಬರೆದದ್ದನ್ನು ಓದಿ, ಜೇಬಿಗೆ ಸೇರಿಸಿದರು. "ವರದಿ ಒಂದು ತಿಂಗಳಲ್ಲಿ ಬರುತ್ತೆ," ಎಂದು ಜೀಪು ಹತ್ತಿದರು. ಕಂಡಕ್ಟರು ಎರಡು ಸೀಟಿ ಊದಿದ ಮೇಲೆಯೇ ಜೀಪೂ ಹೊರಟಿತು.

ಈಚೆ ದಾಟಿ ಬಂದಾಗ ಗಿರಣಿಯವನು ಟೀ ಹಿಡಿದುಕೊಂಡು ನಿಂತಿದ್ದ. "ಹೋಯ್ತು. ನೀವು ಊದಿದ್ರೆ ಎಲ್ಲ ನಿಲ್ಲುತ್ತೆ ಅಂತ ಅವರ ಕಣ್ಣೆದುರಿಗೇ ತೋರಿಸಿಬಿಟ್ರಿ," ಎಂದ. ಬೈಗುಳದ ದನಿಯಲ್ಲ, ಹಿಟ್ಟು ತೂಕ ಮಾಡಿ ಹೇಳುವ ದನಿ. "ಕುಡೀರಿ. ನಾನಾಗಿದ್ರೂ ಊದ್ತಿದ್ದೆ." ಸೊಸೆ ರಸ್ತೆಗೆ ಬಿದ್ದ ಜಲ್ಲಿಯನ್ನು ಚಪ್ಪಲಿಯಿಂದ ಅಂಚಿಗೆ ತಳ್ಳಿ ತಳ್ಳಿ, ಪೂರ್ತಿ ಸರಿಸಿದ ಮೇಲೆ ಮನೆಗೆ ಹೋದಳು.

ಸಂಜೆ ಐದಕ್ಕೆ ಮಕ್ಕಳು ವಾಪಸು ದಾಟಿದವು, ನಲವತ್ತಮೂರೇ. ಸೊಸೆ ಮಗಳನ್ನು ಕರೆದೊಯ್ಯಲು ಬಂದಿದ್ದಳು. ಕಂಡಕ್ಟರು ಬೆಂಚಿನ ಮೇಲೆ ಪುಸ್ತಕ ಬಿಚ್ಚಿ ಕಡ್ಡಿ ಕೂಡಿದರು. ಲಾರಿ ನೂರ ಐವತ್ತೆರಡು. ದಾಟಿದ ಮಕ್ಕಳು ಎಂಬಲ್ಲಿ ನಲವತ್ನಾಲ್ಕು ಎಂದು ಬರೆದರು. ಆಮೇಲೆ ಪೆನ್ನು ಷರಾ ಕಾಲಮ್ಮಿಗೆ ಬಂದು ನಿಂತಿತು.

ಸೊಸೆ ಅವರ ಹೆಗಲ ಹಿಂದಿನಿಂದ ನೋಡುತ್ತಿದ್ದಳು. "ಖಾಲಿ ಬಿಡಿ ಮಾವ," ಎಂದಳು ಮೆಲ್ಲಗೆ. "ಮೆಮೊ ಬಂದ್ರೆ ನಾನು ನೋಡ್ಕೋತೀನಿ."

ಕಂಡಕ್ಟರಿಗೆ ನಗು ಬಂತು. ಆದರೂ ಕಾಲಂ ಖಾಲಿ ಬಿಡಲು ಕೈ ಬರಲಿಲ್ಲ. ಏಳು ವರ್ಷದ ಅದೇ ದುಂಡು ಅಕ್ಷರದಲ್ಲಿ ಬರೆದರು: ವಯಸ್ಸು ಎಪ್ಪತ್ತೊಂದು.

ಮೊಮ್ಮಗಳು ಬಗ್ಗಿ ಓದಿದಳು. ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದವಳು, ಚೀಲವನ್ನು ತಾಯಿಯ ಕೈಗೆ ಕೊಟ್ಟು, ತಾತನ ಪಕ್ಕದಲ್ಲಿ ಕುಳಿತಳು. ದಿನದ ಕೊನೆಯ ಲಾರಿಗಳು ಹಾದುಹೋದವು. ಇಂಕು ಆರುವ ಮೊದಲೇ ಧೂಳು ಅಕ್ಷರಗಳ ಮೇಲೆ ಬಂದು ಕುಳಿತಿತು. ಕಂಡಕ್ಟರು ಊದಿದರು. ಒಂದಿಷ್ಟು ಹೋಯಿತು, ಒಂದಿಷ್ಟು ಇಂಕಿನಲ್ಲಿ ಅಂಟಿಕೊಂಡಿತು.